ನೆಲದ ಸದ್ದಿಗೆ ಕಿವಿಗೊಟ್ಟ ರಾಧಾಮಣಿ

ಬೆಳಗಿನ ಐದೂವರೆಗೆ, ಕೋಲಾರದ ಚಿನ್ನದ ಗಣಿ ಸೀಮೆಯ ಕೋರಮಂಡಲ್‌ನ ಬ್ಯಾಸ್ಕೆಟ್‌ಬಾಲ್ ಒಳಾಂಗಣದ ಬೀಗ ತೆಗೆಯುವ ರಾಧಾಮಣಿ ಮೊದಲು ದೀಪ ಹಾಕುವುದಿಲ್ಲ. ಚಪ್ಪಲಿಯನ್ನು ಹೊಸ್ತಿಲಾಚೆ ಬಿಟ್ಟು, ಕತ್ತಲಲ್ಲೇ ಮರದ ನೆಲದ ಮೇಲೆ ನಾಲ್ಕು ಹೆಜ್ಜೆ ನಡೆದು ನಿಲ್ಲುತ್ತಾರೆ. ಬಲಗಾಲ ಹಿಮ್ಮಡಿ ಊರಿ ಪಾದವನ್ನು ಮೆಲ್ಲಗೆ ತಿರುಗಿಸುತ್ತಾರೆ. ಕೀಚೆಂದು ಸಣ್ಣ ಸದ್ದು. ಇನ್ನು ನಾಲ್ಕು ಹೆಜ್ಜೆ, ಮತ್ತೆ ಅದೇ ಸದ್ದು. ಬಡಗಣ ಬುಟ್ಟಿಯ ಕೆಳಗೆ ಬಂದಾಗ ಮಾತ್ರ ಪಾದ ಸುಮ್ಮನೆ ಜಾರುತ್ತದೆ. ಅಲ್ಲೇ ಕುಕ್ಕರಗಾಲಲ್ಲಿ ಕೂತು ಅಂಗೈ ಊರಿ ನೋಡುತ್ತಾರೆ.

"ಬೆವ್ತೈತೆ ನೋಡಿ. ಇವತ್ತೇ ಬೆವರ್ಬೇಕಾ ಇದು?" ಎನ್ನುವಾಗ ಅವರ ದನಿಯಲ್ಲಿ ಸಿಟ್ಟಿಗಿಂತ ದಿಗಿಲೇ ಹೆಚ್ಚು.

ದಿಗಿಲಿಗೆ ಕಾರಣವಿದೆ. ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್‌ನವರು ಈ ಹೊತ್ತು ಹತ್ತು ಗಂಟೆಗೆ ಒಳಾಂಗಣವನ್ನು ನೋಡಲು ಬರುತ್ತಿದ್ದಾರೆ. ಮುಂದಿನ ಋತುವಿನ ಮೂರು ಪಂದ್ಯಗಳು ಇಲ್ಲಿ ನಡೆಯಬೇಕೋ, ಬೆಂಗಳೂರಿನ ದೊಡ್ಡ ಕ್ರೀಡಾಂಗಣಕ್ಕೆ ಹೋಗಬೇಕೋ ಎಂಬುದು ಅವರ ಇವತ್ತಿನ ವರದಿಯ ಮೇಲೆ ನಿಂತಿದೆ. ಹೋದ ಸಲ ಇಲ್ಲಿ ನಡೆದ ಪಂದ್ಯವನ್ನು ನಡುವೆ ನಿಲ್ಲಿಸಿದ್ದು ಯಾವ ರೆಫರಿಯೂ ಅಲ್ಲ, ತರಬೇತುದಾರನೂ ಅಲ್ಲ. ನೆಲ ಒರೆಸುವ ಈ ರಾಧಾಮಣಿ.

ದೀಪ ಹಾಕಿ, ಸೆರಗು ಸಿಕ್ಕಿಸಿ, ಮೀಟರು ಅಗಲದ ಒಣ ಮಾಪನ್ನು ಹಿಡಿದು ಅವರು ಕೆಲಸಕ್ಕೆ ಇಳಿಯುತ್ತಾರೆ. ಈ ಬದಿಯಿಂದ ಆ ಬದಿಗೆ ಇಪ್ಪತ್ತೆಂಟು ಮೀಟರು. ಅಗಲಕ್ಕೆ ಹದಿನೈದು ಪಟ್ಟೆ. ಒಂದೊಂದು ಪಟ್ಟೆಗೂ ಎರಡೆರಡು ಸಲ. ಬೆಳಿಗ್ಗೆ ಒಮ್ಮೆ, ಸಂಜೆ ಹುಡುಗರ ಅಭ್ಯಾಸ ಮುಗಿದ ಮೇಲೆ ಒಮ್ಮೆ. ಲೆಕ್ಕ ಹಾಕಿದರೆ ದಿನಕ್ಕೆ ಒಂದೂವರೆ ಕಿಲೋಮೀಟರಿಗೂ ಹೆಚ್ಚು ದೂರ ಅವರು ಬಗ್ಗಿದ ಬೆನ್ನಲ್ಲೇ ನಡೆಯುತ್ತಾರೆ. ಹದಿನೇಳು ವರ್ಷಗಳಿಂದ ನಡೆಯುತ್ತಿದ್ದಾರೆ.

ರಾಧಾಮಣಿಗೆ ಈಗ ನಲವತ್ತೇಳು. ಹುಟ್ಟೂರು ಕ್ಯಾಸಂಬಳ್ಳಿ ಪಕ್ಕದ ಹಳ್ಳಿ. ಗಂಡ ರಾಜ್‌ಕುಮಾರ್ ಬಂಗಾರಪೇಟೆ ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಾರೆ. ಮದುವೆಯಾಗಿ ಕೋರಮಂಡಲ್‌ಗೆ ಬಂದಾಗ ಗಣಿ ಮುಚ್ಚಿ ಎರಡು ವರ್ಷವಾಗಿತ್ತು. ಗಣಿ ಕಾಲದಲ್ಲಿ ಕಟ್ಟಿದ ಒಳಾಂಗಣ ಪಾರಿವಾಳಗಳ ಪಾಲಾಗಿತ್ತು. ಅದನ್ನು ಮತ್ತೆ ಎಬ್ಬಿಸಿದವರು ಗಣಿಯಲ್ಲಿ ಫಿಟ್ಟರ್ ಆಗಿದ್ದ, ಈಗ ಕ್ಲಬ್ಬಿನ ಕಾರ್ಯದರ್ಶಿಯಾಗಿರುವ ಕೋದಂಡಪ್ಪ. ಗುಡಿಸುವ ಕೆಲಸಕ್ಕೆಂದು ರಾಧಾಮಣಿಯನ್ನು ಕರೆತಂದವರೂ ಅವರೇ.

"ಮೊದಲ್ನೇ ದಿನ ನಾನು ನೆಲಕ್ಕೆ ಬಕೀಟು ನೀರು ಸುರಿದ್ಬಿಟ್ಟೆ. ಮನೆ ಸಾರ್ಸೋ ಅಂಗೆ," ಎಂದು ರಾಧಾಮಣಿ ನಗುತ್ತಾರೆ. "ಕೋದಂಡಣ್ಣ ಓಡ್ಬಂದು, ಅಯ್ಯೋ ತಾಯಿ, ಇದು ಮರ, ನೀರ್ ಕುಡುದ್ರೆ ಊದ್ಕೊಂತದೆ ಅಂತ ತಲೆ ತಲೆ ಚಚ್ಕೊಂಡ್ರು. ಆಮೇಕೆ ಅವ್ರೇ ಕಲ್ಸಿದ್ರು. ಶೂ ಕೂಗಿದ್ರೆ ನೆಲ ಒಣಗೈತೆ, ಶೂ ಸುಮ್ಕಾದ್ರೆ ಎಲ್ಲೋ ತೇವ ಐತೆ. ಅಷ್ಟೇ ಪಾಠ."

ಆ ಒಂದು ಪಾಠವೇ ಅವರನ್ನು ಬೆಂಗಳೂರಿಗೂ ಕರೆದೊಯ್ದಿತು. ಏಳು ವರ್ಷದ ಹಿಂದೆ ಇಲ್ಲೊಂದು ಟೂರ್ನಿಗೆ ಬಂದಿದ್ದ ತಂಡದ ತರಬೇತುದಾರರು, ಈ ನೆಲವನ್ನು ನೋಡಿಕೊಳ್ಳುವವರು ಯಾರು ಎಂದು ವಿಚಾರಿಸಿದರು. ಅದಾಗಿ ಕೆಲವೇ ತಿಂಗಳಿಗೆ ಬೆಂಗಳೂರಿನ ದೊಡ್ಡ ಕ್ರೀಡಾಂಗಣದ ನೆಲದ ಗುತ್ತಿಗೆ ಹಿಡಿದವರಿಂದ ಕರೆ ಬಂತು. ಅಂದಿನಿಂದ ಪಂದ್ಯವಿದ್ದ ದಿನ ರಾಧಾಮಣಿ ಕೋರಮಂಡಲ್‌ನಲ್ಲಿ ರೈಲು ಹತ್ತಿ, ಬಂಗಾರಪೇಟೆಯಲ್ಲಿ ಏರುವ ಜನದ ನಡುವೆ ನಿಂತೋ ಕೂತೋ ಬೆಂಗಳೂರು ಸೇರುತ್ತಾರೆ. ಬುಟ್ಟಿಯ ಹಿಂದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ತೊಡೆಯ ಮೇಲೆ ಎರಡು ಟವೆಲು ಇಟ್ಟುಕೊಂಡು ಕೂರುತ್ತಾರೆ. ಆಟಗಾರ ಬಿದ್ದು ಬೆವರು ಅಂಟಿದರೆ, ರೆಫರಿ ಕೈಸನ್ನೆ ಮಾಡಿದರೆ, ಓಡಿ ಒರೆಸಿ ಓಡಿ ಬರಬೇಕು. ಅದಕ್ಕೆ ಸಿಗುವುದು ಏಳೆಂಟು ಸೆಕೆಂಡು. ಸನ್ನೆ ಬಾರದೆ ಗೆರೆ ದಾಟುವಂತಿಲ್ಲ.

ಹತ್ತು ಸಾವಿರ ಕುರ್ಚಿಗಳ ಆ ಕ್ರೀಡಾಂಗಣ ಮೊದಲ ದಿನ ಅವರನ್ನು ಬೆಚ್ಚಿಬೀಳಿಸಿತ್ತು. "ಮೇಲ್ಗಡೆ ಕೂತಿರೋರು ಕಡ್ಲೆಕಾಳಂಗೆ ಕಾಣ್ತಾರೆ. ಅವ್ರಿಗೆ ಆಟಗಾರ್ರು ಇನ್ನೆಂಗೆ ಕಾಣ್ತಾರೋ! ಎಲ್ರೂ ದೊಡ್ಡ ಪರದೆ ನೋಡ್ತಾರೆ. ಸಿನ್ಮಾ ಹಾಡು, ಡ್ಯಾನ್ಸು, ಬೆಳಕು. ಚಂದಾನೇ ಬಿಡಿ, ಇಲ್ಲ ಅನ್ನಲ್ಲ. ಆದ್ರೆ ಶೂ ಸದ್ದು ಮಾತ್ರ ಕೇಳಾಕಿಲ್ಲ. ನಂಗೆ ಕಣ್ಣು ಕಟ್ದಂಗೆ ಆಯ್ತದೆ."

ಆ ಕ್ರೀಡಾಂಗಣದಲ್ಲಿ ಮೂರು ವರ್ಷದ ಹಿಂದೆ ನಡೆದದ್ದನ್ನು ಅವರು ಬಹಳ ದಿನ ಯಾರಿಗೂ ಹೇಳಿರಲಿಲ್ಲ, ಗಂಡನಿಗೂ. ಅವತ್ತು ಆಡುತ್ತಿದ್ದವರಲ್ಲಿ ಸುಧಾಕರ್ ಎಂಬ ಇಪ್ಪತ್ಮೂರರ ಯುವಕನಿದ್ದ. ಕ್ಯಾಸಂಬಳ್ಳಿಯವನು. ಕೋರಮಂಡಲ್‌ನ ಒಳಾಂಗಣದಲ್ಲೇ ಚೆಂಡು ಬಡಿಯಲು ಕಲಿತು, ಈ ಸೀಮೆಯಿಂದ ಲೀಗ್‌ಗೆ ಹೋದ ಮೊದಲಿಗ. ಮೂರನೆಯ ವಿರಾಮದಲ್ಲಿ ಆಟಗಾರನೊಬ್ಬನ ಬಾಟಲಿಯಿಂದ ತುಳುಕಿದ ನೀರು ಬುಟ್ಟಿಗೆ ಹತ್ತಡಿ ದೂರದಲ್ಲಿ ಬಿದ್ದಿದ್ದನ್ನು ರಾಧಾಮಣಿ ಕಂಡರು. ಕೈ ಎತ್ತಿದರು. ರೆಫರಿ ಇನ್ನೊಂದು ಬದಿಗೆ ನೋಡುತ್ತಿದ್ದರು. ಎದ್ದು ನಿಂತು ಕೂಗಿದರು. ಧ್ವನಿವರ್ಧಕಗಳ ಅಬ್ಬರದಲ್ಲಿ ಅವರ ಕೂಗು ಪಕ್ಕದವರಿಗೂ ಕೇಳಲಿಲ್ಲ. ಆಟ ಶುರುವಾಯಿತು. ಸುಧಾಕರ್ ಎಡಕ್ಕೆ ತಿರುಗಿದ, ಕಾಲು ಜಾರಿತು, ಮಂಡಿ ಒಳಗೆ ಮಡಚಿಕೊಂಡಿತು.

"ಗೆರೆ ದಾಟ್ಬೇಡ ಅಂದಿದ್ರು, ದಾಟ್ಲಿಲ್ಲ," ಎಂದು ಹೇಳಿ ರಾಧಾಮಣಿ ಮಾಪಿನ ಹಿಡಿಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿಯುತ್ತಾರೆ. "ಎಲ್ಡು ಆಪರೇಸನ್ ಆಯ್ತು ಆ ಹುಡುಗನ್ಗೆ. ಮತ್ತೆ ಆಡ್ಲಿಲ್ಲ. ಈಗ ಊರಲ್ಲಿ ಹಾಲಿನ ಡೇರೀಲಿ ಅವ್ನೆ. ತವರಿಗೆ ಓದ್ರೆ ಆ ಡೇರಿ ಮುಂದ್ಲಿಂದ್ಲೇ ಬಸ್ಸು ಓಗೋದು. ನಾನು ಈ ಕಡೆ ಕಿಟ್ಕಿಗೆ ಮುಖ ಮಾಡ್ಕಂಡು ಕೂತ್ಕಂತಿದ್ದೆ."

ಹೋದ ವರ್ಷ ಲೀಗ್‌ನವರು ಹೊಸ ಯೋಚನೆ ಮಾಡಿದರು. ದೊಡ್ಡ ಕ್ರೀಡಾಂಗಣದಲ್ಲಿ ಅರ್ಧಕ್ಕರ್ಧ ಕುರ್ಚಿ ಖಾಲಿ ಉಳಿಯುತ್ತಿದ್ದವು, ಟಿ.ವಿ.ಯಲ್ಲಿ ಅದು ಚೆನ್ನಾಗಿ ಕಾಣುತ್ತಿರಲಿಲ್ಲ. ಚಿಕ್ಕ ಊರುಗಳ ಚಿಕ್ಕ ಒಳಾಂಗಣಗಳಲ್ಲಿ ಆಡಿಸಿದರೆ ಜನ ಕಿಕ್ಕಿರಿಯುತ್ತಾರೆ, ಅವರ ಕೂಗಿಗೆ ಸೂರೇ ಹಾರುತ್ತದೆ ಎಂದು ಲೆಕ್ಕ ಹಾಕಿ ಒಂದು ಪಂದ್ಯವನ್ನು ಕೋರಮಂಡಲ್‌ಗೆ ಕೊಟ್ಟರು. ಕೋದಂಡಪ್ಪನವರಿಗೆ ಎಪ್ಪತ್ತೊಂದರ ವಯಸ್ಸಿನಲ್ಲಿ ಹತ್ತು ವರ್ಷ ಕಡಿಮೆಯಾದಂತಾಯಿತು. "ಇಲ್ಲಿ ಮೊದಲ ಸಾಲಿನಲ್ಲಿ ಕೂತರೆ ಚೆಂಡು ಮಡಿಲಿಗೇ ಬೀಳುತ್ತೆ ಸ್ವಾಮಿ. ಆಟಗಾರ ಉಸಿರು ಬಿಟ್ಟದ್ದು ಕೇಳಿಸುತ್ತೆ. ಇದನ್ನು ಬಿಟ್ಟು ಅಲ್ಲಿ ಪರದೆ ನೋಡೋಕೆ ಯಾಕೆ ಹೋಗಬೇಕು?" ಎಂದು ಅವರು ಕಂಡಕಂಡವರಿಗೆ ಹೇಳುತ್ತ ತಿರುಗಿದರು.

ನವೆಂಬರಿನ ಆ ಶನಿವಾರ ಬೆಳಗಿನಿಂದಲೇ ಜಡಿಮಳೆ. ಐನೂರೈವತ್ತು ಜನ ಕೂರುವ ಜಾಗಕ್ಕೆ ಎಂಟುನೂರರ ಮೇಲೆ ಜನ ನುಗ್ಗಿದರು. ಬಂಗಾರಪೇಟೆಯಿಂದ, ಕೋಲಾರದಿಂದ, ಗಡಿಯಾಚೆಯ ಊರುಗಳಿಂದ ಬಂದವರು ಮೆಟ್ಟಿಲ ಮೇಲೂ ಕೂತರು. ಎರಚಲು ಬಾರದಿರಲೆಂದು, ಕ್ಯಾಮೆರಾದ ಬೆಳಕು ಕೆಡದಿರಲೆಂದು ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ರಾಧಾಮಣಿ ಬಡಗಣ ಬುಟ್ಟಿಯ ಹಿಂದೆ ಕೂತಿದ್ದರು. ಮೊದಲ ಸಾಲಿನ ಕೊನೆಯಲ್ಲಿ, ಕಾಲು ಚಾಚಿಕೊಂಡು, ಸುಧಾಕರ್ ಕೂತಿದ್ದನ್ನು ಅವರು ನೋಡಿದರು. ನೋಡದವರಂತೆ ತಲೆ ಬಗ್ಗಿಸಿದರು.

ಮೂರನೆಯ ಸುತ್ತಿನ ನಡುವೆ ಎರಡೂ ತಂಡದ ಅಂಕ ಐವತ್ತೆಂಟಕ್ಕೆ ಬಂದು ನಿಂತಿತ್ತು. ಜನರೆಲ್ಲ ಎದ್ದು ನಿಂತಿದ್ದರು. ಆಗ ರಾಧಾಮಣಿಯ ಕಿವಿಗೆ ಏನೋ ಕಡಿಮೆಯಾದಂತೆ ಅನ್ನಿಸಿತು.

"ಅಷ್ಟೊತ್ತೂ ಶೂಗಳು ಕೀಚ್ ಕೀಚ್ ಅಂತಿದ್ವು. ಜನ ಎಷ್ಟೇ ಕೂಗ್ಲಿ, ಚಿಕ್ ಜಾಗ ಅಲ್ವಾ, ನಂಗೆ ಕೇಳ್ತಿತ್ತು. ಇದ್ದಕ್ಕಿದ್ದಂಗೆ ಮೂಗಾಗೋದ್ವು. ಒಬ್ಬನ್ದಲ್ಲ, ಎಲ್ರುದೂ."

ಅಂಗೈಯನ್ನು ನೆಲಕ್ಕೆ ಊರಿದರು. ಒದ್ದೆ. ಒರೆಸಿದರು. ಹತ್ತು ಎಣಿಸುವಷ್ಟರಲ್ಲಿ ಮತ್ತೆ ಒದ್ದೆ. ಯಾರೂ ನೀರು ಚೆಲ್ಲಿರಲಿಲ್ಲ. ಹೊರಗಿನ ಚಳಿಗೆ ತಣ್ಣಗಾಗಿದ್ದ ನೆಲದ ಮೇಲೆ ಎಂಟುನೂರು ಜನರ ಉಸಿರು ಇಬ್ಬನಿಯಂತೆ ಇಳಿಯುತ್ತಿತ್ತು. ಅಷ್ಟರಲ್ಲಿ ಒಬ್ಬ ಆಟಗಾರನ ಕಾಲು ಗೇಣುದ್ದ ಜಾರಿತು. ಅವನು ಹೇಗೋ ಸಾವರಿಸಿಕೊಂಡು ನಕ್ಕ. ರಾಧಾಮಣಿ ಕೈ ಎತ್ತಿದರು. ರೆಫರಿಯ ಕಣ್ಣು ಚೆಂಡಿನ ಮೇಲಿತ್ತು.

ರಾಧಾಮಣಿ ಎದ್ದರು. ಗೆರೆ ದಾಟಿದರು. ಟವೆಲು ಹಿಡಿದ ಎರಡೂ ಕೈಗಳನ್ನು ಮೇಲೆತ್ತಿ, ಓಡುತ್ತಿದ್ದ ಹತ್ತು ಜನ ದೈತ್ಯರಂಥ ಆಟಗಾರರ ನಡುವೆ, ಅಂಕಣದ ಮಧ್ಯಕ್ಕೆ ನಡೆದು ನಿಂತರು.

ರೆಫರಿ ಸೀಟಿ ಊದಿದರು. ಆಟ ನಿಂತಿತು. ಆಮೇಲೆ ನಾಲ್ಕೂ ಕಡೆಯಿಂದ ಬೊಬ್ಬೆ. ಖಾಲಿ ಬಾಟಲಿಯೊಂದು ಅವರ ಕಾಲ ಬಳಿ ಬಂದು ಬಿತ್ತು. ಲೀಗ್‌ನ ವ್ಯವಸ್ಥಾಪಕ ಕಾಂತರಾಜ್ ಬದಿಯಿಂದ ಧಾವಿಸಿ ಬಂದರು.

"ಯಾರ್ರೀ ಇವರು? ಲೈವ್ ಹೋಗ್ತಾ ಇದೆ, ಮೊದಲು ಆಚೆ ಕರ್ಕೊಂಡು ಹೋಗಿ!"

"ನೆಲ ಬೆವ್ತೈತೆ ಸಾರ್. ಆಡ್ಸಿದ್ರೆ ಯಾರ್ದಾರ ಕಾಲು ಓಯ್ತದೆ."

"ಒರೆಸಮ್ಮಾ! ಒರೆಸೋಕೇ ಅಲ್ವಾ ನೀನಿರೋದು?"

"ಒರೆಸಿದ್ರೆ ಓಗಾಕಿಲ್ಲ ಸಾರ್. ಜನದ ಉಸ್ರು ಇದು. ಜನ ಈಚಿಗೆ ಓಗ್ಬೇಕು, ಕಿಟ್ಕಿ ತೆಗೀಬೇಕು."

ಕಾಂತರಾಜ್ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ರೆಫರಿ ಮಂಡಿಯೂರಿ ನೆಲಕ್ಕೆ ಅಂಗೈ ಒತ್ತಿದರು. ಎದ್ದು, ಒದ್ದೆ ಕೈಯನ್ನು ಅಂಕ ಬರೆಯುವವರ ಮೇಜಿನತ್ತ ತೋರಿಸಿದರು. ಚಿಕ್ಕ ಜಾಗ. ಹಿಂದಿನ ಸಾಲಿನವರಿಗೂ ಆ ಕೈ ಹೊಳೆದದ್ದು ಕಂಡಿತು. ಬೊಬ್ಬೆ ತಗ್ಗಿತು. ಆದರೆ ಯಾರೂ ಕದಲಲಿಲ್ಲ. ಬೆಳಗಿನಿಂದ ಮಳೆಯಲ್ಲಿ ನಿಂತು ಒಳಗೆ ಬಂದವರು ಮತ್ತೆ ಮಳೆಗೆ ಯಾಕೆ ಹೋದಾರು? ಕೋದಂಡಪ್ಪ ಮೈಕು ಹಿಡಿದು ಕನ್ನಡದಲ್ಲಿ ಬೇಡಿದರು, ತಮಿಳಿನಲ್ಲಿ ಬೇಡಿದರು, ತೆಲುಗಿನಲ್ಲೂ ಕೈಮುಗಿದರು. ಪ್ರತಿಯೊಬ್ಬರೂ ಪಕ್ಕದವರು ಏಳಲಿ ಎಂದು ಕಾದರು.

ಆಗ ಎದ್ದವನು ಸುಧಾಕರ್. ಕುರ್ಚಿಯ ಬೆನ್ನು ಹಿಡಿದು ಮೇಲೆದ್ದು, ಕುಂಟುತ್ತ, ಅಷ್ಟು ಜನರ ಮುಂದೆ ಹಾದು ಬಾಗಿಲ ಕಡೆ ನಡೆದ. ಆ ಕುಂಟು ಹೇಗೆ ಬಂತೆಂದು ಅಲ್ಲಿದ್ದ ಬಹುಪಾಲು ಜನಕ್ಕೆ ಗೊತ್ತಿತ್ತು. ಬಾಗಿಲಲ್ಲಿ ನಿಂತು ಹಿಂದಿರುಗಿ, "ಬನ್ರಪ್ಪಾ, ಮಳೆ ಏನು ಕಚ್ಚಾಕಿಲ್ಲ," ಎಂದ. ಮೊದಲ ಸಾಲು ಎದ್ದಿತು. ಅದರ ಹಿಂದೆ ಎರಡನೆಯದು.

ಮೂವತ್ತೈದು ನಿಮಿಷ ಕಿಟಕಿಗಳನ್ನೆಲ್ಲ ತೆರೆದಿಟ್ಟು ರಾಧಾಮಣಿ ಹದಿನೈದೂ ಪಟ್ಟೆಗಳನ್ನು ಮತ್ತೆ ಮತ್ತೆ ಒಣ ಬಟ್ಟೆಯಲ್ಲಿ ಎಳೆದರು. ಆಟಗಾರರೂ ಟವೆಲು ಹಿಡಿದು ಬಗ್ಗಿದರು. ನಾನೂರು ಜನರನ್ನಷ್ಟೇ ಒಳಗೆ ಬಿಟ್ಟರು. ಉಳಿದವರು ಕೊಡೆ ಹಿಡಿದು ಕಿಟಕಿಗಳಲ್ಲಿ ತಲೆ ತೂರಿಸಿ ನೋಡಿದರು. ಆಟ ಮುಗಿಯಿತು, ಒಂದು ತಂಡ ಎರಡು ಅಂಕದಿಂದ ಗೆದ್ದಿತು. ಟಿ.ವಿ.ಯವರು ಮಾತ್ರ ಅಷ್ಟರಲ್ಲಿ ಬೇರೆ ಕಾರ್ಯಕ್ರಮಕ್ಕೆ ಹೋಗಿಬಿಟ್ಟಿದ್ದರು.

ಮರುದಿನದಿಂದಲೇ ಊರು ಎರಡಾಯಿತು. ಟೀ ಅಂಗಡಿಯ ಮುಂದೆ ಮಾತುಗಳು ತೂರಿಬಂದವು. ಎಷ್ಟೋ ವರ್ಷದ ಮೇಲೆ ನಮ್ಮೂರಿನ ಹೆಸರು ಒಳ್ಳೆಯ ಕಾರಣಕ್ಕೆ ಟಿ.ವಿ.ಯಲ್ಲಿ ಬಂದಿತ್ತು, ಆ ಹೆಂಗಸು ಕೆಡಿಸಿದಳು ಎಂದರು ಕೆಲವರು; ಹುಡುಗರ ಕಾಲು ಉಳಿಸಿದಳು ಎಂದರು ಇನ್ನು ಕೆಲವರು. ಮಾರುಕಟ್ಟೆಯಲ್ಲಿ ಮೂಟೆ ಇಳಿಸುತ್ತಿದ್ದ ರಾಜ್‌ಕುಮಾರ್ ಅವರನ್ನೂ ಕೆಣಕಿದರು. ಅವರು ಮನೆಗೆ ಬಂದು ಹೆಂಡತಿಯನ್ನು ಕೇಳಿದ್ದು ಒಂದೇ ಮಾತು: "ನಿನ್ ಕೈಗೆ ಒದ್ದೆ ಹತ್ತಿದ್ದು ನಿಜ ತಾನೆ?" ನಿಜ ಎಂದಾಗ, "ಅಂಗಾದ್ರೆ ಉಣ್ಣು," ಎಂದು ತಟ್ಟೆ ಮುಂದಿಟ್ಟರು.

ಆದರೂ ರಾಧಾಮಣಿಗೆ ನಿದ್ದೆ ಹತ್ತಲಿಲ್ಲ. ಮೂರನೆಯ ದಿನ ಕ್ಯಾಸಂಬಳ್ಳಿ ಬಸ್ಸು ಹತ್ತಿ ಹಾಲಿನ ಡೇರಿ ಮುಂದೆ ಇಳಿದರು. ಸುಧಾಕರ್ ಕ್ಯಾನುಗಳಿಗೆ ಮುಚ್ಚಳ ಹಾಕುತ್ತಿದ್ದ. ನಿಂತ ಕಾಲಲ್ಲೇ ಹೇಳಿಬಿಟ್ಟರು.

"ಅವತ್ತು ಬೆಂಗ್ಳೂರಲ್ಲಿ ನೀರು ಚೆಲ್ಲಿದ್ದು ನಾನು ನೋಡಿದ್ದೆ ಕಣಪ್ಪ. ಕೂಗ್ದೆ, ಕೇಳ್ಲಿಲ್ಲ. ಗೆರೆ ದಾಟಿ ಬರ್ಬೋದಾಗಿತ್ತು. ಬರ್ಲಿಲ್ಲ."

ಸುಧಾಕರ್ ಕೈಯಲ್ಲಿದ್ದ ಮುಚ್ಚಳವನ್ನು ಪಕ್ಕಕ್ಕಿಟ್ಟನಂತೆ.

"ನಾನೂ ನೋಡಿದ್ದೆ ಅಕ್ಕ," ಎಂದನಂತೆ. "ಕಾಲಡಿಗೇ ಇತ್ತು. ಕೈ ಎತ್ತಿದ್ರೆ ನಿಲ್ಸೋರು. ಅಷ್ಟು ಸಾವ್ರ ಜನ ನೋಡ್ತಾ ಅವ್ರೆ, ಒಂದ್ ಹನಿ ನೀರಿಗೆ ಯಾಕೆ ಆಟ ನಿಲ್ಸಲಿ ಅಂತ ನಾಚ್ಕೆ ಆಯ್ತು. ಸುಮ್ನಾದೆ. ನಮ್ಮಮ್ಮನ್ಗೂ ಇದನ್ನ ಏಳಿಲ್ಲ."

ಇಬ್ಬರೂ ಡೇರಿಯ ಕಟ್ಟೆಯ ಮೇಲೆ ಕೂತು ಟೀ ಕುಡಿದರು. ಈಗ ವಾರಕ್ಕೆ ಎರಡು ದಿನ ಸುಧಾಕರ್ ಕೋರಮಂಡಲ್‌ಗೆ ಬಂದು ಶಾಲೆಯ ಹೆಣ್ಣುಮಕ್ಕಳಿಗೆ ಆಟ ಹೇಳಿಕೊಡುತ್ತಾನೆ. ಮೊದಲ ದಿನ ಕಲಿಸಿದ್ದು ಚೆಂಡು ಎಸೆಯುವುದನ್ನಲ್ಲ, ಕೈ ಎತ್ತಿ ಆಟ ನಿಲ್ಲಿಸುವುದನ್ನು.

ಇವತ್ತು ಹತ್ತು ಗಂಟೆಗೆ ಬರಬೇಕಿದ್ದ ಲೀಗ್‌ನವರು ಹನ್ನೊಂದೂವರೆಗೆ ಬರುತ್ತಾರೆ. ಬೆಳಗಿನ ತೇವ ಆಗಲೇ ಆರಿದೆ. ರಾಧಾಮಣಿ ಅಷ್ಟರಲ್ಲಿ ಮೂರು ಸಲ ಒರೆಸಿದ್ದಾರೆ. ಕಾಂತರಾಜ್ ಟೇಪು ಹಿಡಿದು ಗೋಡೆ ಅಳೆಯುತ್ತಾರೆ, ಮಾಡಿನ ತಗಡು ನೋಡುತ್ತಾರೆ, ಕಿಟಕಿಗಳನ್ನು ಎಣಿಸುತ್ತಾರೆ. ಗಾಳಿ ಎಳೆಯುವ ದೊಡ್ಡ ಫ್ಯಾನುಗಳಿಲ್ಲ ಎಂದು ಬರೆಸುತ್ತಾರೆ. ಕೋದಂಡಪ್ಪ ಅವರ ಹಿಂದೆ ಹಿಂದೆಯೇ ಓಡಾಡುತ್ತಾರೆ. ರಾಧಾಮಣಿ ಗೋಡೆಗೆ ಒರಗಿ, ಮಾಪನ್ನು ಎದೆಗೆ ಆನಿಸಿಕೊಂಡು ನಿಂತಿದ್ದಾರೆ. ಯಾರೂ ಅವರನ್ನು ಏನೂ ಕೇಳುವುದಿಲ್ಲ. ಕೊನೆಗೆ ಹೊರಡುವಾಗ ಕಾಂತರಾಜ್ ನಿಂತು, "ಅವತ್ತು ಕೂಗಾಡಿಬಿಟ್ಟೆ," ಎನ್ನುತ್ತಾರೆ. ಕಾರು ಹತ್ತುತ್ತಾರೆ.

ಪತ್ರ ಬರಲು ಹನ್ನೆರಡು ದಿನ ಹಿಡಿಯಿತು. ಮೂರೂ ಪಂದ್ಯಗಳು ಬೆಂಗಳೂರಿನ ದೊಡ್ಡ ಕ್ರೀಡಾಂಗಣಕ್ಕೆ. ಕೋರಮಂಡಲ್‌ಗೆ ಒಂದು ಅಭ್ಯಾಸ ಪಂದ್ಯ, ನಾನೂರು ಜನಕ್ಕೆ ಮೀರದಂತೆ, ಕಿಟಕಿಗಳನ್ನೆಲ್ಲ ತೆರೆದು. ಫ್ಯಾನು ಕೂರಿಸಿದರೆ ಮುಂದೆ ನೋಡೋಣ ಎಂಬ ಒಂದು ಸಾಲು ಕೊನೆಯಲ್ಲಿ. ಕೋದಂಡಪ್ಪ ಪತ್ರವನ್ನು ಎರಡು ಸಲ ಓದಿ ಮಡಚಿ ಜೇಬಿಗೆ ಇಟ್ಟುಕೊಂಡರು. "ನೀನು ಮಾಡಿದ್ದು ಸರಿಯಮ್ಮ. ಆದರೂ ನನಗೆ ಬೇಜಾರಾಗಿದೆ. ಎರಡೂ ನಿಜ," ಎಂದರು. ರಾಧಾಮಣಿ ತಲೆಯಾಡಿಸಿದರು. ಅವರಿಗೂ ಬೇಜಾರಾಗಿತ್ತು.

ಅಭ್ಯಾಸ ಪಂದ್ಯಕ್ಕೆ ಇನ್ನೂ ಸಮಯವಿದೆ. ಅದಕ್ಕೂ ಮೊದಲು ಬೆಂಗಳೂರಿನ ಪಂದ್ಯ. ದೊಡ್ಡ ಕ್ರೀಡಾಂಗಣದಲ್ಲಿ ನೆಲದ ಕೆಲಸದವರ ಮೇಲ್ವಿಚಾರಕಿಯಾಗಿರುವ ಶಶಿರೇಖ ಅವರನ್ನು ರಾಧಾಮಣಿ ಫೋನಿನಲ್ಲಿ ಒಂದೇ ಒಂದು ಸವಲತ್ತು ಕೇಳಿದ್ದಾರೆ. "ಸಂಬ್ಳ ಗಿಂಬ್ಳ ಅಲ್ಲ ಮೇಡಮ್. ನಂಗೊಂದು ಸೀಟಿ ಕೊಡ್ಸಿ. ಅಲ್ಲಿ ನನ್ ಗಂಟ್ಲು ಸಾಲಾಕಿಲ್ಲ." ನಿಯಮದಲ್ಲಿ ಇಲ್ಲ, ಆದರೂ ಕೇಳಿನೋಡುತ್ತೇನೆ ಎಂದಿದ್ದಾರಂತೆ ಶಶಿರೇಖ. ಪಂದ್ಯದ ದಿನ ಬಂದರೂ ಉತ್ತರ ಬಂದಿಲ್ಲ. ರೈಲಿನಲ್ಲಿ ಕೂತ ರಾಧಾಮಣಿ ಹತ್ತು ನಿಮಿಷಕ್ಕೊಮ್ಮೆ ಫೋನು ತೆಗೆದು ನೋಡುತ್ತಾರೆ.

ಬಂಗಾರಪೇಟೆಯಲ್ಲಿ ರೈಲು ನಿಂತಾಗ ಕೋಸಿನ ಮೂಟೆಯೊಂದಿಗೆ ಹತ್ತಿದ ಮುನಿಗಂಗಮ್ಮ ಎಂಬ ಹಿರಿಯರು ಎದುರು ಬದಿಯಲ್ಲಿ ಕೂತು ಇವರನ್ನೇ ದಿಟ್ಟಿಸುತ್ತಾರೆ. ನವೆಂಬರಿನ ಆ ದಿನ ಮೊಮ್ಮಗಳ ಜೊತೆ ಮಳೆಯಲ್ಲಿ ನೆನೆದವರಲ್ಲಿ ಅವರೂ ಒಬ್ಬರಂತೆ.

"ಮ್ಯಾಚು ನಿಲ್ಸಿದೋಳು ನೀನೇ ಅಲ್ವೇನಮ್ಮಿ? ನಿನ್ನಿಂದ್ಲೇ ಅಂತಲ್ವಾ ಊರಿಗೆ ಬರೋ ಆಟ ಬೆಂಗ್ಳೂರಿಗೆ ಓಗಿದ್ದು?"

ಬೋಗಿಯಲ್ಲಿ ನಾಲ್ಕಾರು ತಲೆಗಳು ಇತ್ತ ತಿರುಗುತ್ತವೆ. ರಾಧಾಮಣಿ ಚೀಲದಲ್ಲಿನ ಟವೆಲುಗಳನ್ನು ನೇರ ಮಾಡುತ್ತಾರೆ. ತಡವರಿಸುವುದಿಲ್ಲ, ದನಿಯನ್ನೂ ಏರಿಸುವುದಿಲ್ಲ.

"ಊಂ ಕಣಮ್ಮ, ನಾನೇ. ಆವತ್ತು ಎಲ್ಡು ಟೀಮಿಂದ ಇಪ್ಪತ್ನಾಕು ಹುಡುಗ್ರು, ನಲವತ್ತೆಂಟು ಕಾಲು ಒಳಕ್ಕೆ ಬಂದಿದ್ವು. ನಲವತ್ತೆಂಟೂ ನಡ್ಕಂಡೇ ಈಚಿಗೆ ಓದ್ವು."